ಕುಂದಗೋಳಕ್ಕೆ ಹೋದ ಸೋಫಾ

ಸಂಶಿಯ ಕುರುಬರ ಓಣಿಯಲ್ಲಿ ಲಕ್ಷ್ಮವ್ವಂದಿರಿಗೆ ಬರವಿರಲಿಲ್ಲ. ಹಾಲು ಮಾರುವ ಲಕ್ಷ್ಮವ್ವ ಇದ್ದಳು, ಗಿಡ್ಡ ಲಕ್ಷ್ಮವ್ವ ಇದ್ದಳು. ಎಂಬತ್ನಾಲ್ಕನೆಯ ಇಸವಿಯ ಹೊತ್ತಿಗೆ ಕಂಬಳಿ ನೇಯುವ ಮುದಕಪ್ಪನ ಹೆಂಡತಿಗೂ ಒಂದು ಗುರುತು ಅಂಟಿಕೊಂಡಿತು: ಸೋಫಾದ ಲಕ್ಷ್ಮವ್ವ. ಹೇಳುವವರ ಬಾಯಲ್ಲಿ ಅರ್ಧ ಹೊಟ್ಟೆಕಿಚ್ಚು, ಅರ್ಧ ಹೆಮ್ಮೆ ಇರುತ್ತಿತ್ತು. ಇಡೀ ಓಣಿಗೆ ಇದ್ದದ್ದು ಅದೊಂದೇ ಸೋಫಾ, ಮತ್ತು ಅದು ಇಂದಲ್ಲ ನಾಳೆ ಎಲ್ಲರಿಗೂ ಬೇಕಾಗುತ್ತಿತ್ತು. ಸೋಫಾ ಹೋದ ಮೇಲೂ ಹೆಸರು ಮಾತ್ರ ಹೋಗಲಿಲ್ಲ, ಅದು ಬೇರೆ ಮಾತು.

ಲಕ್ಷ್ಮವ್ವ ಮೊರಬದ ಮಗಳು. ತಾಯಿ ಬೇಗ ಹೋದಳು, ತಂದೆ ಇದ್ದೂ ಇಲ್ಲದವನು. ಅವಳನ್ನು ಬೆಳೆಸಿದವನು ಅಣ್ಣ ಗೂಳಪ್ಪ. ಕುರಿ ಕಾಯುವಾಗ ಬೆನ್ನಿಗೆ ಕಟ್ಟಿಕೊಂಡು ಹೋದ, ಜ್ವರ ಬಂದರೆ ತಾನೇ ಗಂಜಿ ಕಾಯಿಸಿದ, ಕಾಲ ಬಂದಾಗ ಸಂಶಿಗೆ ಮದುವೆ ಮಾಡಿ ಕೊಟ್ಟ. ಆಕೆಗೆ ಹೆಣ್ಣು ಹುಟ್ಟಿತೆಂದು ಕೇಳಿ ಮೊರಬದಿಂದ ನಡೆದೇ ಬಂದವನು ತೊಟ್ಟಿಲ ಹಗ್ಗ ಹಿಡಿದು, ಹತ್ತು ಜನರ ಎದುರಿಗೆ, ಈ ಕೂಸು ನಮ್ಮ ಬೀರಪ್ಪನದು ಎಂದು ಹೇಳಿ ಹೋಗಿದ್ದ. ಬೀರಪ್ಪ ಅವನ ಮಗ, ಆಗಿನ್ನೂ ಚಡ್ಡಿ ಹಾಕದೆ ತಿರುಗುತ್ತಿದ್ದ. ಕೂಸಿಗೆ ದುರ್ಗವ್ವ ಎಂದು ಹೆಸರಿಟ್ಟರು. ಆ ಮಾತನ್ನು ಲಕ್ಷ್ಮವ್ವ ಒಂದು ದಿನವೂ ಅನುಮಾನಿಸಲಿಲ್ಲ. ಅವಳ ಸ್ವಭಾವವೇ ಹಾಗೆ: ಒಮ್ಮೆ ಒಬ್ಬರನ್ನು ತನ್ನವರು ಎಂದುಕೊಂಡರೆ ಅವರು ಹೇಳಿದ್ದೇ ವೇದ. ಉಳಿದವರು ಹೇಳಿದ್ದಕ್ಕೆಲ್ಲ ಜಗಳ.

ದುರ್ಗವ್ವ ದೊಡ್ಡವಳಾದಳು. ಬೀರಪ್ಪ ಓದಿದ, ನವಲಗುಂದದಲ್ಲಿ ಮಾಸ್ತರಿಕೆ ಸಿಕ್ಕಿತು. ಅಲ್ಲಿಂದಲೇ ಗಾಳಿ ತಿರುಗಿದ್ದು. ಒಂದು ಸಲ ಗೂಳಪ್ಪನ ಹೆಂಡತಿ ಯಾವುದೋ ಮದುವೆಗೆ ಹೋಗುತ್ತ ಸಂಶಿಯಲ್ಲಿ ಇಳಿದಳು. ಲಕ್ಷ್ಮವ್ವ ಹೊಸ ಕಂಬಳಿ ಹಾಸಿದಳು, ರೊಟ್ಟಿ ಬಡಿದಳು. ಅತ್ತಿಗೆ ಉಂಡು ಕೈ ತೊಳೆದು, ಪಡಸಾಲೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಮಾಸ್ತರ ಆಗ್ಯಾನ ಅಂದ ಮ್ಯಾಲ ನಾಕ ಮಂದಿ ಗೆಳ್ಯಾರ ಜೋಡಿ ಬರ್ತಾನ. ಕುಂಡ್ರಾಕ ಒಂದು ಕುರ್ಚಿ ಇಲ್ಲದ ಮನಿಗೆ ಹ್ಯಾಂಗ ಬರಬೇಕವಾ?"

ಬೇರೆಯವರಾಗಿದ್ದರೆ ಲಕ್ಷ್ಮವ್ವ ಅಲ್ಲೇ ನಾಲ್ಕು ಮಾತು ಅಂದುಬಿಡುತ್ತಿದ್ದಳು. ಇವಳು ಅಣ್ಣನ ಹೆಂಡತಿ. ಅಂದ ಮೇಲೆ ಆ ಮಾತು ಅಣ್ಣನದೇ ಎಂದು ತಿಳಿದಳು. ಅಣ್ಣನ ಮಾತು ಎಂದ ಮೇಲೆ ಸರಿಯಾದ ಮಾತೇ. ಬಸ್ಸು ಹತ್ತಿಸಿ ಬಂದವಳು ನೇರ ಬಡಿಗೇರ ಬಾಬಾಸಾಬನ ಅಂಗಳಕ್ಕೆ ಹೋಗಿ, ನನಗೊಂದು ಸೋಫಾ ಸೆಟ್ ಮಾಡಿಕೊಡು ಎಂದಳು.

ಬಾಬಾಸಾಬ ಅಲ್ಲಿಯವರೆಗೆ ಚಕ್ಕಡಿ ಮಾಡಿದ್ದ, ಕೂರಿಗೆ ಮಾಡಿದ್ದ, ಮದುವೆಗೆ ಮಂಚ ಮಾಡಿದ್ದ. ಸೋಫಾವನ್ನು ಹುಬ್ಬಳ್ಳಿಯ ಅಂಗಡಿಯ ಗಾಜಿನ ಆಚೆ ನೋಡಿದ್ದನಷ್ಟೆ. ಮಂಚದ ತಲೆಗೆ ಗಿಳಿ ಕೆತ್ತುವುದೆಂದರೆ ಅವನಿಗೆ ಜೀವ. ಸೋಫಾದ ಬೆನ್ನಿಗೂ ಜೋಡಿ ಗಿಳಿ ಕೂಡಿಸುತ್ತೇನೆ ಎಂದು ಕುಣಿದ. ಲಕ್ಷ್ಮವ್ವ ಒಪ್ಪಲಿಲ್ಲ. ಅವಳ ಬಳಿ ಒಂದು ಕ್ಯಾಲೆಂಡರಿನ ಚಿತ್ರವಿತ್ತು. ಅದರಲ್ಲಿ ಒಬ್ಬ ಸಾಹೇಬ, ಅವನ ಹೆಂಡತಿ, ಒಂದು ನಾಯಿ, ಮತ್ತು ಅವರೆಲ್ಲರಿಗಿಂತ ಚೆಂದವಾಗಿ ಒಂದು ಸೋಫಾ. ಗಿಳಿ ಇಲ್ಲ, ಹೂವಿಲ್ಲ. ಕೆಳಗೆ ಸಣ್ಣಗಾಗುತ್ತ ಹೋಗಿ ಹೊರಗೆ ಚಾಚಿದ ಕಾಲು, ಬೆನ್ನಿಗೆ ತೆಳು ಪಟ್ಟಿ, ಕೈ ಇಡುವಲ್ಲಿ ಅಗಲವಾದ ಹಲಗೆ, ಚಹಾದ ಕಪ್ಪು ಇಟ್ಟರೂ ನಿಲ್ಲಬೇಕು. ಇಷ್ಟು ಬಡವಾಗಿ ಮಾಡಿದರೆ ಜನ ನನ್ನನ್ನು ಬಡಿಗೇರ ಅನ್ನುತ್ತಾರೆಯೇ ಎಂದು ಬಾಬಾಸಾಬ ಮುನಿಸಿಕೊಂಡ. ಆಮೇಲೆ ಮಾಡಿದ. ಹೊಲದ ಬದುವಿನ ಬೇವು ಬಿತ್ತು, ಮೂವರು ಕೂಡುವ ಒಂದು ದೊಡ್ಡದು, ಒಬ್ಬೊಬ್ಬರಿಗೆ ಎರಡು ಚಿಕ್ಕವು, ಒಂದು ಟೀಪಾಯಿ ಎದ್ದವು.

ಮುದಕಪ್ಪನ ಮನೆಯ ಬಾಗಿಲು ಬಗ್ಗಿ ಬರುವವರ ಬಾಗಿಲು. ಸೋಫಾ ಬಗ್ಗಲಿಲ್ಲ. ಬಾಬಾಸಾಬ ಕಾಲುಗಳನ್ನು, ಕೈಗಳನ್ನು ಬೋಲ್ಟು ಹಾಕಿ ಬಿಚ್ಚಿ ಜೋಡಿಸುವ ಹಾಗೆ ಮಾಡಿಕೊಟ್ಟ. ಒಳಗೆ ತಂದರೆ ಇಡಲು ಜಾಗವೆಲ್ಲಿ? ಪಡಸಾಲೆಯಲ್ಲಿ ಅಗಲವಾದ ಜಾಗವೆಂದರೆ ಮುದಕಪ್ಪನ ಮಗ್ಗದ ಕುಣಿ. ಅವನ ಅಜ್ಜ ಅದರಲ್ಲಿ ಕಾಲು ಇಳಿಬಿಟ್ಟು ನೇಯ್ದವನು, ಅಪ್ಪ ನೇಯ್ದವನು. ಲಕ್ಷ್ಮವ್ವ ಎರಡು ದಿನ ಗಂಡನ ಸುತ್ತ ಸುಳಿದಾಡಿ, ಮಗಳ ಬಾಳು ದೊಡ್ಡದೋ ಮಗ್ಗ ದೊಡ್ಡದೋ ಎಂದು ಕೇಳಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಮುದಕಪ್ಪ ಗೊಣಗಿದ. ಗೊಣಗಿದವನೇ ಬುಟ್ಟಿಯಲ್ಲಿ ಮಣ್ಣು ತಂದು ಕುಣಿ ಮುಚ್ಚಿ, ಮಗ್ಗವನ್ನು ಹಿತ್ತಲಲ್ಲಿ ಕುರಿ ಕೂಡುವ ಛಪ್ಪರಕ್ಕೆ ಒಯ್ದ. ಅಲ್ಲಿ ಮಳೆಗಾಲದಲ್ಲಿ ನೇಯುವಂತಿರಲಿಲ್ಲ.

ಸೋಫಾ ಬಂದ ಮೇಲೆ ಅದರೊಂದಿಗೆ ಬಾಳುವುದು ಯಾರಿಗೆ ಗೊತ್ತಿತ್ತು? ಆ ಮನೆಯ ಕಿಟಕಿ ನೆಲಕ್ಕೆ ಕೂತವರ ಕಣ್ಣಿನ ಮಟ್ಟಕ್ಕೆ ಇಟ್ಟದ್ದು. ಸೋಫಾದ ಮೇಲೆ ಕೂತರೆ ಓಣಿ ಕಾಣುತ್ತಿರಲಿಲ್ಲ, ದಾಟಿ ಹೋಗುವವರ ಕಾಲು ಕಾಣುತ್ತಿತ್ತು. ದೀಪ ಇಡುವ ಗೂಡು ಅದರ ಬೆನ್ನ ಹಿಂದೆ ಮರೆಯಾಯಿತು. ಬೇಸಿಗೆಯಲ್ಲಿ ಗಾದಿಯ ರೆಕ್ಸಿನ್ನು ತೊಡೆಗೆ ಅಂಟಿಕೊಂಡು, ಏಳುವಾಗ ಚರ್ಮವನ್ನೇ ಕೇಳುತ್ತಿತ್ತು. ಮುದಕಪ್ಪ ಮೊದಲ ದಿನ ಕಾಲು ಕೆಳಗೆ ಬಿಟ್ಟು ಕೂತ, ಬಸ್ಸಿಗೆ ಕಾಯುವವನ ಹಾಗೆ. ಎರಡನೆಯ ದಿನ ಮೇಲೆ ಚಕ್ಕಳಮಕ್ಕಳ ಹಾಕಿದ. ಮೂರನೆಯ ದಿನ ಕೆಳಗೆ ಕಂಬಳಿ ಹಾಸಿ, ಸೋಫಾಕ್ಕೆ ಬೆನ್ನು ಕೊಟ್ಟು ಕೂತ, ಆಮೇಲೆ ಹಾಗೆಯೇ ರೂಢಿಯಾಯಿತು. ಲಕ್ಷ್ಮವ್ವನೂ ಅದರ ಮೇಲೆ ಕೂಡುತ್ತಿರಲಿಲ್ಲ. ಅಣ್ಣ ಮೊದಲು ಕೂಡಲಿ ಎಂಬ ಒಂದು ಹಟ. ದುರ್ಗವ್ವ ಮಾತ್ರ ದಿನಾ ಬೆಳಿಗ್ಗೆ ಒರೆಸುತ್ತಿದ್ದಳು, ಒರೆಸುವಾಗ ಮುಖ ಕೆಂಪಾಗುತ್ತಿತ್ತು. ಅದು ಯಾರಿಗಾಗಿ ಬಂದದ್ದು ಎಂದು ಅವಳಿಗೆ ಗೊತ್ತಿತ್ತು.

ಅಣ್ಣ ಬರುವುದು ತಡವಾಯಿತು. ಓಣಿಯವರು ಅಷ್ಟು ತಡೆಯಲಿಲ್ಲ. ಮೊದಲು ಗಿಡ್ಡ ಲಕ್ಷ್ಮವ್ವ ಬಂದಳು: ಮಗಳನ್ನು ನೋಡಲು ಗಂಡಿನವರು ಬರುತ್ತಾರೆ, ಒಂದು ಹೊತ್ತಿಗೆ ಸೋಫಾ ಕೊಡು. ಬೋಲ್ಟು ಬಿಚ್ಚಿದರೆ ತಲೆಯ ಮೇಲೆ ಹೊತ್ತುಕೊಂಡು ಹೋಗಬಹುದಾದದ್ದು, ಇಲ್ಲ ಅನ್ನುವುದು ಹೇಗೆ? ಆ ಹೆಣ್ಣಿಗೆ ಸಂಬಂಧ ಕೂಡಿತು. ಅಲ್ಲಿಂದ ಸೋಫಾದ ಕಾಲ್ಗುಣ ಚೆನ್ನಾಗಿದೆ ಎಂದು ಸುದ್ದಿಯಾಗಿ, ಓಣಿಯಲ್ಲಿ ಯಾವ ಹೆಣ್ಣನ್ನು ನೋಡಲು ಬಂದರೂ ಅದೇ ಸೋಫಾ ಹೋಗತೊಡಗಿತು. ಒಂದು ಕಟ್ಟಳೆಯೂ ಹುಟ್ಟಿಕೊಂಡಿತು: ಸೋಫಾ ಹೋದ ಮನೆಗೆ ಆ ದಿನ ಲಕ್ಷ್ಮವ್ವ ಹೋಗಬಾರದು. ಅವಳು ಬಂದರೆ ಕಣ್ಣು ಗಾದಿಯ ಮೇಲೆ ಇರುತ್ತದೆ, ಚಹಾ ಚೆಲ್ಲಿದರೆ ಬಾಯಿ ತಡೆಯುವುದಿಲ್ಲ, ಎರವಿನದೆಂದು ಗಂಡಿನವರಿಗೆ ಗೊತ್ತಾಗುತ್ತದೆ. ಲಕ್ಷ್ಮವ್ವ ನಕ್ಕು ಒಪ್ಪಿಕೊಂಡಿದ್ದಳು. ಊರ ಹೆಣ್ಣುಮಕ್ಕಳು ದಡ ಸೇರಿದರೆ ತನ್ನ ಮಗಳಿಗೂ ಒಳಿತು ಎನ್ನುವುದು ಅವಳ ಲೆಕ್ಕ.

ಇನ್ನು ಕಸ್ತೂರೆವ್ವನ ಮಾತು. ಬಾಜು ಮನೆಯವಳು, ಎರಡು ಮನೆಗೂ ನಡುವೆ ಒಂದೇ ಗೋಡೆ. ಕುಂದಗೋಳದ ಮಗಳು. ಇವರ ಮಜ್ಜಿಗೆ ಅವರಿಗೆ, ಅವರ ಚಟ್ನಿ ಇವರಿಗೆ. ದುರ್ಗವ್ವ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳೇ. ಲಕ್ಷ್ಮವ್ವನ ಮಟ್ಟಿಗೆ ಅಣ್ಣನ ನಂತರ ಅವಳೇ.

ನಮ್ಮ ಕಡೆ ಹೆಣ್ಣಿನ ತಾಯಿ ಸ್ವಂತ ಅಣ್ಣನ ಬಾಗಿಲಿಗೇ ಹೋದರೂ, ನನ್ನ ಮಗಳನ್ನು ಯಾವಾಗ ಒಯ್ಯುತ್ತಿ ಎಂದು ತಾನೇ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಮಗಳು ಹಗುರಾಗುತ್ತಾಳೆ. ಮೂರನೆಯವರ ಬಾಯಿಂದ ಹೋಗಬೇಕು. ಆ ಮೂರನೆಯ ಬಾಯಾಗಿ ಕಸ್ತೂರೆವ್ವ ಮೊರಬಕ್ಕೆ ಹೋದಳು. ಬಂದು, ಮುಂಗಾರಿ ಬಿತ್ತಿಗೆ ಮುಗಿಯಲಿ ಅಂದಿದ್ದಾನೆ ಎಂದಳು. ಬಿತ್ತಿಗೆ ಮುಗಿಯಿತು, ಮತ್ತೆ ಹೋದಳು. ಹುಡುಗನಿಗೆ ಪರೀಕ್ಷೆಯ ಕೆಲಸವಂತೆ ಎಂದಳು. ಮೂರನೆಯ ಸಲ ಹೋಗಿ ಬಂದಾಗ, ಹತ್ತಿ ಬಿಡಿಸಿದ ಮೇಲೆ ಖಂಡಿತ ಬರುತ್ತಾರೆ, ನಿನ್ನ ಸೋಫಾದ ಸುದ್ದಿ ಹೇಳಿದೆ, ನಿನ್ನ ಅತ್ತಿಗೆಗೆ ಬಹಳ ಖುಷಿಯಾಯಿತು ಎಂದಳು. ಲಕ್ಷ್ಮವ್ವ ಅವಳಿಗೆ ಹೋಳಿಗೆ ಮಾಡಿ ಬಡಿಸಿದಳು. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎನ್ನುವ ಗಾದೆಯನ್ನು ಆಕೆ ನೂರು ಸಲ ಬೇರೆಯವರಿಗೆ ಹೇಳಿದ್ದಳು. ತನ್ನ ಹೊಲದ ಬೇಲಿಯ ಮೇಲೆ ಆಕೆಗೆ ಅನುಮಾನವೇ ಬರಲಿಲ್ಲ.

ಹತ್ತಿ ಬಿಡಿಸುವುದು ಮುಗಿಯುತ್ತ ಬಂದಾಗ ಕಸ್ತೂರೆವ್ವ ಸೋಫಾ ಕೇಳಿದಳು. ಕುಂದಗೋಳದಲ್ಲಿ ತನ್ನ ತಮ್ಮನ ಮಗಳನ್ನು ನೋಡಲು ಗದಗಿನ ಕಡೆಯವರು ಬರುತ್ತಾರಂತೆ. ಸೋಫಾ ಓಣಿ ಬಿಟ್ಟು ಹೊರಗೆ ಹೋದದ್ದಿಲ್ಲ. ಆದರೆ ಕೇಳಿದವಳು ಕಸ್ತೂರೆವ್ವ. ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಕಡಲೆ ಹೊಟ್ಟು ಹಾಸಿ, ಬಿಚ್ಚಿದ ಕಾಲುಗಳನ್ನು ಕಂಬಳಿಯಲ್ಲಿ ಸುತ್ತಿ ಲಕ್ಷ್ಮವ್ವ ತಾನೇ ಹೇರಿಸಿದಳು. ಟ್ರ್ಯಾಕ್ಟರ್ ಹೋಗಿ ಸ್ವಲ್ಪ ಹೊತ್ತಿಗೆ ದುರ್ಗವ್ವ ಒಳಗಿನಿಂದ ಒಂದು ಗಾದಿ ಹಿಡಿದು ಬಂದಳು. ಚಿಕ್ಕ ಸೋಫಾದ್ದು. ಕುರಿಮರಿ ಹಾರಿ ಹೊಲಿಗೆ ಬಿಚ್ಚಿದ್ದನ್ನು ರಾತ್ರಿ ಹೊಲಿದು ಒಳಗಿಟ್ಟಿದ್ದಳು, ಹೇರುವ ಗಡಿಬಿಡಿಯಲ್ಲಿ ಉಳಿದುಹೋಗಿತ್ತು.

ಗಾದಿ ಇಲ್ಲದ ಸೋಫಾ ಎಂದರೆ ಬರೀ ಪಟ್ಟಿ. ಗಂಡಿನವರು ಅದರಲ್ಲೇ ಕೂತರೆ ಹೆಣ್ಣಿನ ಮನೆಯ ಮಾನ ಏನಾಗಬೇಕು? ಲಕ್ಷ್ಮವ್ವ ಗಾದಿಯನ್ನು ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ಮೇಲೆ ಹಾಕಿ ಅಂದ, ಅವಳು ಹಾಕಲಿಲ್ಲ. ಇದೇನು ಕೂಸೇನ್ರಿ ಎಂದು ಅವನು ನಕ್ಕ. ಹೌದೆಂದು ಹೇಳಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಟ್ಟಳೆ ಮುರಿಯುವ ಮನಸ್ಸಿರಲಿಲ್ಲ. ಹಿತ್ತಲ ಬಾಗಿಲಿನಿಂದ ಗಾದಿ ಕೊಟ್ಟು ಹಾಗೆಯೇ ತಿರುಗಿ ಬರುವುದೆಂದು ದಾರಿಯುದ್ದಕ್ಕೂ ಅಂದುಕೊಂಡಳು.

ಹಿತ್ತಲ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಹೆಂಗಸರು ಮಂಡಕ್ಕಿಯ ಸುಸಲಾ ತಟ್ಟೆಗೆ ಹಾಕುತ್ತಿದ್ದರು, ಸಂಬಂಧ ಕೂಡಿದ ಗುರುತಿಗೆ ಹಂಚುವ ಸಕ್ಕರೆಯ ತಟ್ಟೆ ಹೊರಗೆ ಹೋಗಿ ಬರಿದಾಗಿ ಒಳಗೆ ಬಂದಿತ್ತು. ಕಸ್ತೂರೆವ್ವ ತಿರುಗಿ ನೋಡಿದಳು. ಅವಳ ಕೈಯ ಸೌಟು ನಿಂತಿತು.

"ನೀ ಯಾಕ ಬಂದಿ ಬೇ?" ಎಂದಳು. ಅದು ಕೇಳುವ ದನಿಯಾಗಿರಲಿಲ್ಲ.

ಲಕ್ಷ್ಮವ್ವ ಗಾದಿ ತೋರಿಸಿ ಏನೋ ಹೇಳಲಿಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯಿಂದ ಒಬ್ಬ ಗಂಡಸು ಕೆಮ್ಮಿ, ಪೇಟೆಯ ಮಾಲಿನ ಹಾಗೆ ಇದೆ, ಬಡಿಗೇರ ಮಾಡಿದ್ದು ಎಂದು ಯಾರೂ ಅನ್ನುವುದಿಲ್ಲ ಎಂದು ಸೋಫಾವನ್ನು ಹೊಗಳಿದ. ಆ ಕೆಮ್ಮನ್ನು ಅವಳು ಬೆನ್ನಿಗೆ ಕಟ್ಟಿಸಿಕೊಂಡಾಗಿನಿಂದ ಬಲ್ಲಳು. ಕಸ್ತೂರೆವ್ವ ಮುಂಗೈ ಹಿಡಿದಳು. ಲಕ್ಷ್ಮವ್ವ ಬಿಡಿಸಿಕೊಂಡು ಗಾದಿ ಸಮೇತ ಪಡಸಾಲೆಗೆ ನಡೆದಳು.

ದೊಡ್ಡ ಸೋಫಾದ ನಡುವೆ ಗೂಳಪ್ಪ ಕೂತಿದ್ದ, ಪಕ್ಕದಲ್ಲಿ ದೈವದ, ಅಂದರೆ ಕುಲಪಂಚಾಯಿತಿಯ, ಇಬ್ಬರು ಹಿರಿಯರು. ಒಂದು ಚಿಕ್ಕದರಲ್ಲಿ ಅತ್ತಿಗೆ. ಇನ್ನೊಂದರಲ್ಲಿ, ಪಟ್ಟಿಯ ಮೇಲೆ ಮಡಿಸಿ ಹಾಸಿದ ಜಮಖಾನದ ಮೇಲೆ, ಬೀರಪ್ಪ. ನೆಲದ ಚಾಪೆಯ ಮೇಲೆ ಹೊಸ ಸೀರೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕೂತಿದ್ದಳು, ದುರ್ಗವ್ವನ ವಾರಿಗೆಯವಳೇ. ಲಕ್ಷ್ಮವ್ವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈಯಲ್ಲಿ ಗಾದಿ ಇತ್ತು, ಕಾಲು ಅದರ ಜಾಗದ ಕಡೆಗೇ ಹೋದವು.

"ಏಳಪ್ಪಾ ಬೀರಪ್ಪಾ. ಗಾದಿ ಹಾಕತೀನಿ," ಎಂದಳು.

ಅವನು ಗಡಬಡಿಸಿ ಎದ್ದ. ಅತ್ತಿ ಎಂದು ಪಕ್ಕಕ್ಕೆ ಸರಿದ. ಅವಳು ಜಮಖಾನ ತೆಗೆದು, ಹೊಲಿಗೆಯ ಬದಿ ಹಿಂದಕ್ಕೆ ಮಾಡಿ, ಮೂಲೆಗಳನ್ನು ಒತ್ತಿ ಗಾದಿ ಕೂಡಿಸಿದಳು. ಗೂಳಪ್ಪನ ಮುಖ ಮೊದಲು ಬಿಳಿಚಿ, ಆಮೇಲೆ ಹಗುರಾಯಿತು.

"ಬಾ ತಂಗಿ, ಬಾ. ನೀ ಬರಂಗಿಲ್ಲ ಅಂದಿದ್ದರು. ಬಂದದ್ದು ಅಗದಿ ಚಲೋ ಆತು. ಮನಸಿನ್ಯಾಗ ಏನೂ ಇಟ್ಟುಕೊಳ್ಳದಂಗ ಸೋಫಾ ಸೈತ ಕಳಿಸಿದಿ. ದೊಡ್ಡ ಮನಸು ನಿಂದು."

ಅವಳಿಗೆ ಅರ್ಥವಾಗಲಿಲ್ಲ. ನಾನು ಏನು ಕಳಿಸಿದೆ, ಯಾಕೆ ಕಳಿಸಿದೆ ಎಂದು ಕೇಳಿದಳು. ಗೂಳಪ್ಪ ತಡವರಿಸುತ್ತ ಹೇಳಿದ. ದುರ್ಗವ್ವನಿಗೆ ಗದಗಿನ ಕಡೆ ಗಂಡು ಗೊತ್ತಾಗಿದೆ, ಮೊರಬದ ಮಾತನ್ನು ಲಕ್ಷ್ಮವ್ವ ಬಿಟ್ಟುಕೊಟ್ಟಿದ್ದಾಳೆ ಎಂದು ಕಸ್ತೂರೆವ್ವ ಎರಡನೆಯ ಸಲ ಬಂದಾಗಲೇ ಹೇಳಿದ್ದಳಂತೆ. ಅವನು ನಂಬಲಿಲ್ಲವಂತೆ, ಗುರುತು ಬೇಕೆಂದನಂತೆ. ಆಗ ಕಸ್ತೂರೆವ್ವ, ನಿಮ್ಮ ಸಲುವಾಗಿ ಮಾಡಿಸಿದ ಸೋಫಾವನ್ನೇ ಆಕೆ ನನ್ನ ತಮ್ಮನ ಮನೆಗೆ ಕಳಿಸುತ್ತಾಳೆ, ಅದನ್ನು ನೋಡಿ ಆಕೆಯ ಒಪ್ಪಿಗೆ ಎಂದು ತಿಳಿಯಿರಿ ಎಂದಿದ್ದಳು. ಇವತ್ತು ಬಂದು ನೋಡಿದರೆ ಸೋಫಾ ಇತ್ತು.

ಓಣಿಯ ಅಷ್ಟೂ ಹೆಣ್ಣುಗಳಿಗೆ ಇದೇ ಸೋಫಾ ಹೋಗುತ್ತದೆ ಎನ್ನುವುದು ಮೊರಬದಲ್ಲಿ ಯಾರಿಗೆ ಗೊತ್ತು? ಲಕ್ಷ್ಮವ್ವ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಕಸ್ತೂರೆವ್ವ ಸೆರಗಿನ ತುದಿ ಬಾಯಿಗೆ ಹಿಡಿದು ನೆಲ ನೋಡುತ್ತಿದ್ದಳು. ನಂಬಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಅದಕ್ಕೆ ಅಳುವುದೋ ಉಗಿಯುವುದೋ. ಆದರೂ ಅವಳ ಸಿಟ್ಟು ಕಸ್ತೂರೆವ್ವನ ಮೇಲೆ ನಿಲ್ಲಲಿಲ್ಲ. ಅಲ್ಲಿಂದ ಜಾರಿ ಸೋಫಾದ ನಡುವೆ ಕೂತವನ ಮೇಲೆ ಬಂದು ನಿಂತಿತು.

"ಕುಂದಗೋಳ ತನಕ ಬಂದಿ ಅಣ್ಣಾ. ಸಂಶಿ ತನಕ ಬರಾಕ ಬಸ್ಸು ಇರಲಿಲ್ಲೇನು? ನನ್ನ ಒಂದು ಮಾತು ಕೇಳಬಾರದಿತ್ತೇನು?"

ಗೂಳಪ್ಪ ತನ್ನ ಅಂಗೈ ನೋಡಿಕೊಂಡ. ಅಲ್ಲಿ ಇನ್ನೂ ನಾಲ್ಕು ಕಾಳು ಸಕ್ಕರೆ ಅಂಟಿತ್ತು. ಅತ್ತಿಗೆ ಟೀಪಾಯಿಯ ಮೇಲಿನ ಕಪ್ಪನ್ನು ಸುಮ್ಮನೆ ಆಚೆ ಈಚೆ ಸರಿಸಿದಳು.

"ಸಕ್ಕರಿ ತಿಂದಾತು ತಂಗಿ," ಎಂದ ಅವನು. "ಹಿರ್ಯಾರ ಮುಂದ ಮಾತು ಆಗೇತಿ. ಇನ್ನ ಹ್ಯಾಂಗ ಮಾಡಾಕ ಬರತೈತಿ?"

ಆಗ ಅವಳಿಗೆ ಎಲ್ಲ ಗೊತ್ತಾಯಿತು. ಅಣ್ಣ ಮೋಸ ಹೋಗಿರಲಿಲ್ಲ. ಕಸ್ತೂರೆವ್ವ ಸುಳ್ಳು ಹೇಳಿದ್ದಳು, ಅವನಿಗೆ ಆ ಸುಳ್ಳು ಬೇಕಾಗಿತ್ತು. ಈ ಹುಡುಗಿಯ ತಂದೆಗೆ ಕುಂದಗೋಳದಲ್ಲಿ ಅಂಗಡಿ ಇದೆ, ಪಡಸಾಲೆಯಲ್ಲಿ ಫ್ಯಾನು ಇದೆ. ಕಂಬಳಿ ನೇಯುವವನ ಮಗಳು ತಾನಾಗಿ ದಾರಿ ಬಿಟ್ಟಳೆಂದು ಯಾರಾದರೂ ಹೇಳಲಿ ಎಂದು ಅವನು ವರ್ಷವಿಡೀ ಕಾಯುತ್ತಿದ್ದ. ಒಂದು ಸಲ ಸಂಶಿಗೆ ಬಂದು ಕೇಳಿದ್ದರೆ ಆ ಸುಳ್ಳು ಬೀಳುತ್ತಿತ್ತು. ಅದಕ್ಕೇ ಬರಲಿಲ್ಲ. ಬೆನ್ನಿಗೆ ಕಟ್ಟಿ ಹೊತ್ತು ತಿರುಗಿದ ಅಣ್ಣನೂ ಇವನೇ.

ಕೂಗಾಡಬಹುದಿತ್ತು. ಸೋಫಾದಿಂದ ಎಲ್ಲರನ್ನೂ ಎಬ್ಬಿಸಿ, ಬೋಲ್ಟು ಬಿಚ್ಚಿ, ಅಲ್ಲಿಯೇ ಬೀದಿಗೆ ಹಾಕಬಹುದಿತ್ತು. ಓಣಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಆದರೆ ಚಾಪೆಯ ಮೇಲಿನ ಹುಡುಗಿ ನಡುಗುತ್ತಿದ್ದಳು, ಅವಳ ಬಾಯಿಗೂ ಸಕ್ಕರೆ ಹಾಕಿಯಾಗಿತ್ತು. ಲಕ್ಷ್ಮವ್ವ ಗಾದಿ ಕಟ್ಟಿ ತಂದಿದ್ದ ಹಳೆಯ ಸೀರೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಚಹಾ ಕುಡಿದು ಹೋಗೆಂದು ಯಾರೋ ಅಂದರು, ಅವಳು ಕುಡಿಯಲಿಲ್ಲ. ಅಡುಗೆಮನೆ ದಾಟುವಾಗ ಕಸ್ತೂರೆವ್ವ, ನಾಳೆ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ತಿರುಗಿ ಕಳಿಸುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅಷ್ಟಾದ ಮೇಲೂ ಅದನ್ನು ಹೇಳುವ ಎದೆ ಅವಳಿಗಿತ್ತು.

"ಕಳಿಸಬ್ಯಾಡ," ಎಂದಳು ಲಕ್ಷ್ಮವ್ವ. "ಯಾರು ಕುಂಡ್ರಲಿ ಅಂತ ಮಾಡಿಸಿದ್ನೋ, ಅವರು ಕುಂತಾರ."

ಬಸ್ಸಿನಲ್ಲಿ ಅವಳು ಅಳಲಿಲ್ಲ. ಸಂಶಿಯಲ್ಲಿ ಇಳಿದು ಓಣಿಗೆ ಬರುವಾಗ ಇಬ್ಬರು ಮಾತಾಡಿಸಿದರು, ಸರಿಯಾಗಿ ಉತ್ತರ ಕೊಟ್ಟಳು. ಮನೆಗೆ ಬಂದರೆ ಹಿತ್ತಲಿನಿಂದ ಮುದಕಪ್ಪನ ಮಗ್ಗದ ಸದ್ದು ಬರುತ್ತಿತ್ತು. ಪಡಸಾಲೆಯಲ್ಲಿ ದುರ್ಗವ್ವ ಕಸಬರಿಗೆ ಹಿಡಿದಿದ್ದಳು. ಸೋಫಾ ಇದ್ದ ಜಾಗವನ್ನು, ಅದು ಇಲ್ಲದಾಗ ಸರಿಯಾಗಿ ಗುಡಿಸಿ ಸಾರಿಸಿಬಿಡೋಣ ಎಂದು, ಮೂಲೆಯಿಂದ ಗುಡಿಸುತ್ತ ಬಂದಿದ್ದಳು.

ಗಾದಿ ಸರಿಯಾಗಿ ಕೂತಿತೇ ಎಂದು ಕೇಳಿದಳು. ಕೂತಿತು ಎಂದಳು ತಾಯಿ. ಹೊಲಿಗೆ ಕಾಣಲಿಲ್ಲವಷ್ಟೆ ಎಂದು ಕೇಳಿದಳು. ಕಾಣಲಿಲ್ಲ ಎಂದಳು.

"ಗಂಡಿನವ್ರು ಗದಗಿನವ್ರೇನು ಬೇ?"

"ಅಲ್ಲ. ಮೊರಬದವ್ರು."

ದುರ್ಗವ್ವನ ಮುಖ ಅರಳಿತು. ಗುಡಿಸುವುದನ್ನು ಬಿಟ್ಟು ಹತ್ತಿರ ಬಂದಳು.

"ಮೊರಬದವ್ರಾ? ಹಂಗಾರ ಮಾವನ ಸುದ್ದಿ ಕೇಳಬೇಕಿತ್ತಲ್ಲ ಯವ್ವಾ. ಯಾವಾಗ ಬರ್ತಾನಂತ?"

ಲಕ್ಷ್ಮವ್ವ ಗೋಡೆ ಹಿಡಿದು ನೆಲಕ್ಕೆ ಕೂತಳು.

"ಬಂದಿದ್ದ ದುರ್ಗಿ," ಎಂದಳು. "ಬೀರಪ್ಪನೂ ಬಂದಿದ್ದ."